ಲೇಖನಿಯೂ ಒಂದು ಅಮಾನತು: ಮೌಲಾನಾ ಆಝಾದರ ಬದುಕಿನ ಪಾಠಗಳು
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ನಾವು ಅವನನ್ನು ಸ್ತುತಿಸುತ್ತೇವೆ, ಅವನಲ್ಲೇ ಸಹಾಯ ಬೇಡುತ್ತೇವೆ, ಅವನಲ್ಲೇ ಕ್ಷಮೆ ಯಾಚಿಸುತ್ತೇವೆ. ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್ ಮುಸ್ತಫಾ(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಪ್ರೀತಿಯ ಸಹೋದರರೇ, ಹಿರಿಯರೇ, ಮನೆಗಳಲ್ಲಿ ಈ ಪುಟವನ್ನು ಓದುತ್ತಿರುವ ತಾಯಂದಿರೇ, ಸಹೋದರಿಯರೇ, ಮೊದಲು ನನಗೂ ನಂತರ ನಿಮಗೂ ತಖ್ವಾದ ಉಪದೇಶ ಮಾಡುತ್ತೇನೆ. ನಾವು ನುಡಿಯುವ ಪ್ರತಿ ಮಾತನ್ನೂ ಬರೆದಿಡುವ ಮಲಕ್‌ಗಳು ನಮ್ಮ ಜೊತೆಗಿದ್ದಾರೆ ಎಂದು ಅಲ್ಲಾಹನು ಸೂರಃ ಖಾಫ್‌ನಲ್ಲಿ ತಿಳಿಸಿದ್ದಾನೆ. ನುಡಿದ ಮಾತಿಗೇ ಲೆಕ್ಕವಿರುವಾಗ ಬರೆದ ಮಾತಿಗೆ ಎಷ್ಟು ಲೆಕ್ಕವಿರಬೇಕು! ಈ ವಾರ ನಮ್ಮ ಮಾತು ಅದರ ಬಗ್ಗೆಯೇ.

ನವೆಂಬರ್ 11ನ್ನು ನಮ್ಮ ದೇಶದಲ್ಲಿ ರಾಷ್ಟ್ರೀಯ ಶಿಕ್ಷಣ ದಿನವಾಗಿ ಆಚರಿಸುತ್ತಾರೆ. 2008ರಿಂದ ಈ ಆಚರಣೆ ಇದೆ. ಅದು ಮೌಲಾನಾ ಅಬುಲ್ ಕಲಾಂ ಆಝಾದ್‌ರ ಜನ್ಮದಿನ. ಅವರು ಯಾರು ಎಂದು ನಮ್ಮ ಮಕ್ಕಳನ್ನು ಕೇಳಿದರೆ, ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಸಚಿವರಾಗುವ ಮುಂಚೆ ಮೂವತ್ತೈದು ವರ್ಷ ಅವರು ಏನಾಗಿದ್ದರು? ಪತ್ರಿಕೆಯ ಸಂಪಾದಕರಾಗಿದ್ದರು, ಕುರ್‌ಆನಿನ ವ್ಯಾಖ್ಯಾನಕಾರರಾಗಿದ್ದರು, ದೀನಿನ ಬಗ್ಗೆ ಆಳವಾಗಿ ಚಿಂತಿಸಿದ ಆಲಿಮ್ ಆಗಿದ್ದರು. ಆ ಆಝಾದರು ನಮ್ಮ ಮನೆಗಳಲ್ಲಿ ಮರೆತುಹೋಗಿದ್ದಾರೆ.

ಪತ್ರಿಕೆ ನಡೆಸಿದವರ ಕಥೆ ಮಿಂಬರಿನ ಮೇಲೆ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಹಿರಾ ಗುಹೆಯಲ್ಲಿ ಇಳಿದ ಮೊದಲ ವಹೀಯ ಮೊದಲ ಆಜ್ಞೆಯೇ ಓದುವ ಆಜ್ಞೆ. ಅದೇ ಆಯತ್‌ಗಳಲ್ಲಿ ಲೇಖನಿಯ ಪ್ರಸ್ತಾಪವಿದೆ. ಸೂರಃ ಖಲಮ್‌ನ ಆರಂಭದಲ್ಲಿ ಅಲ್ಲಾಹನು ಲೇಖನಿಯ ಮೇಲೂ ಅದರಿಂದ ಬರೆಯಲಾಗುವುದರ ಮೇಲೂ ಆಣೆಯಿಟ್ಟಿದ್ದಾನೆ. ಅಂದ ಮೇಲೆ ಲೇಖನಿ ಹಿಡಿದವನ ಬದುಕನ್ನು ಮಸೀದಿಯಲ್ಲಿ ಪರಿಶೀಲಿಸುವುದು ದೀನಿನ ಹೊರಗಿನ ಕೆಲಸವಲ್ಲ.

ಮಕ್ಕಾದಿಂದ ಕಲ್ಕತ್ತಾಕ್ಕೆ

ಮೌಲಾನಾ ಹುಟ್ಟಿದ್ದು 1888ರಲ್ಲಿ, ಮಕ್ಕಾ ಮುಕರ್ರಮಾದಲ್ಲಿ. ತಂದೆ ಮೌಲಾನಾ ಖೈರುದ್ದೀನ್ ದೊಡ್ಡ ವಿದ್ವಾಂಸರು. ಬಂಗಾಳದಲ್ಲಿ, ಬೊಂಬಾಯಿಯಲ್ಲಿ ಅವರಿಗೆ ಸಾವಿರಾರು ಮುರೀದರಿದ್ದರು. ತಾಯಿ ಮದೀನಾದ ಒಂದು ವಿದ್ವಾಂಸ ಮನೆತನದವರು. ಹೆತ್ತವರು ಇಟ್ಟ ಹೆಸರು ಮುಹಿಯುದ್ದೀನ್ ಅಹ್ಮದ್. ಮಗು ಚಿಕ್ಕದಿರುವಾಗಲೇ ಕುಟುಂಬ ಕಲ್ಕತ್ತಾಕ್ಕೆ ಬಂದು ನೆಲೆಸಿತು.

ಅವರು ಶಾಲೆಗೆ ಹೋಗಲಿಲ್ಲ, ಮದ್ರಸಾಕ್ಕೂ ಹೋಗಲಿಲ್ಲ. ತಂದೆ ಮೊದಲು ತಾವೇ ಕಲಿಸಿದರು, ನಂತರ ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಉಸ್ತಾದರನ್ನು ಮನೆಗೆ ಕರೆಸಿದರು. ಅರಬಿ, ಫಾರ್ಸಿ, ತರ್ಕ, ಗಣಿತ, ಫಿಕ್ಹ್ ಎಲ್ಲ ಮನೆಯೊಳಗೇ ನಡೆಯಿತು. ಬೇರೆ ವಿದ್ಯಾರ್ಥಿಗಳು ಇಪ್ಪತ್ತು, ಇಪ್ಪತ್ತೈದರ ವಯಸ್ಸಿನಲ್ಲಿ ಮುಗಿಸುತ್ತಿದ್ದ ಪಾಠಕ್ರಮವನ್ನು ಅವರು ಹದಿನಾರರಲ್ಲಿ ಮುಗಿಸಿದರು. ಕಲಿತದ್ದು ಗಟ್ಟಿಯಾಗಬೇಕಾದರೆ ಕಲಿಸಬೇಕು ಎಂಬುದು ಆ ಕಾಲದ ರೂಢಿ. ತಂದೆ ಹದಿನೈದರಷ್ಟು ವಿದ್ಯಾರ್ಥಿಗಳನ್ನು ಸೇರಿಸಿ ಮಗನ ಮುಂದೆ ಕೂರಿಸಿದರು.

ಇಷ್ಟೆಲ್ಲ ಕಲಿತ ಮೇಲೆ ಆ ಹುಡುಗನ ಮನಸ್ಸಿನಲ್ಲಿ ಬಿರುಗಾಳಿ ಎದ್ದಿತು. ನಾನು ನಂಬಿರುವುದೆಲ್ಲ ನಾನು ಅರಿತು ನಂಬಿದ್ದೇ, ಇಲ್ಲ ಮನೆಯಲ್ಲಿ ಸಿಕ್ಕಿತೆಂದು ನಂಬಿದ್ದೇ? ದೀನ್ ಸತ್ಯವಾಗಿದ್ದರೆ ದೀನಿನವರ ನಡುವೆ ಇಷ್ಟು ಜಗಳ ಯಾಕೆ? ಈ ಪ್ರಶ್ನೆಗಳು ಅವರನ್ನು ವರ್ಷಗಟ್ಟಲೆ ಮಲಗಲು ಬಿಡಲಿಲ್ಲ. ಸರ್ ಸಯ್ಯದ್ ಅಹ್ಮದ್ ಖಾನರ ಬರಹಗಳನ್ನು ಓದಿದರು. ಹೊಸ ಕಾಲದ ವಿದ್ಯೆ ಬೇಕು ಅನಿಸಿ ಇಂಗ್ಲಿಷ್ ಕಲಿಯಲು ಹೊರಟರು. ಅಕ್ಷರಗಳನ್ನು ಒಬ್ಬ ಮೌಲವಿ ಸಾಹೇಬರಿಂದ ಕಲಿತು, ಬೈಬಲ್‌ನ ಇಂಗ್ಲಿಷ್, ಫಾರ್ಸಿ, ಉರ್ದು ಅನುವಾದಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ನಿಘಂಟು ತೆರೆದು, ಪತ್ರಿಕೆ ಓದಿ ಆ ಭಾಷೆಯನ್ನು ವಶಮಾಡಿಕೊಂಡರು. ಆ ಕಾಲದಲ್ಲೇ ಅವರು 'ಆಝಾದ್' ಎಂಬ ಹೆಸರನ್ನು ಆರಿಸಿಕೊಂಡದ್ದು. ಇನ್ನು ಮುಂದೆ ಅರಿಯದೆ ಯಾವುದನ್ನೂ ನಂಬುವುದಿಲ್ಲ ಎಂಬ ನಿರ್ಧಾರ ಆ ಹೆಸರಿನಲ್ಲಿತ್ತು.

ತಂದೆ ತಾಯಂದಿರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಮೊಹಲ್ಲಾದಲ್ಲಿ ಪಿಯುಸಿ ಓದುವ ಹುಡುಗ, ಡಿಗ್ರಿ ಓದುವ ಹುಡುಗಿ ಮನೆಗೆ ಬಂದು ಒಂದು ಪ್ರಶ್ನೆ ಕೇಳಿದರೆ ನಾವು ಏನು ಮಾಡುತ್ತೇವೆ? 'ತೌಬಾ ಮಾಡು, ಇಂಥದ್ದೆಲ್ಲ ಕೇಳಬಾರದು' ಎಂದು ಬಾಯಿ ಮುಚ್ಚಿಸುತ್ತೇವೆ. ಮಗು ಬಾಯಿ ಮುಚ್ಚುತ್ತದೆ, ಪ್ರಶ್ನೆ ಮುಚ್ಚುವುದಿಲ್ಲ. ಅದು ಫೋನಿನಲ್ಲಿ ಉತ್ತರ ಹುಡುಕುತ್ತದೆ. ಅಲ್ಲಿ ಉತ್ತರ ಕೊಡುವವನು ಯಾರು, ಅವನ ಉದ್ದೇಶ ಏನು, ನಮಗೆ ಗೊತ್ತಿಲ್ಲ. ಆಝಾದರ ಸಂದೇಹ ಅವರನ್ನು ದೀನಿನಿಂದ ಹೊರಗೆ ಕೊಂಡೊಯ್ಯಲಿಲ್ಲ. ಓದಿ, ಚಿಂತಿಸಿ, ಮತ್ತೆ ಕುರ್‌ಆನಿನ ಬಾಗಿಲಿಗೇ ಬಂದು ನಿಂತರು, ಬದುಕಿಡೀ ಅಲ್ಲೇ ನಿಂತರು. ಪ್ರಶ್ನೆ ಕೇಳುವ ಮಗು ನಿಮ್ಮ ಮನೆಯಲ್ಲಿದ್ದರೆ ಹೆದರಬೇಡಿ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಮಗುವನ್ನು ಕರೆದುಕೊಂಡು ಮಸೀದಿಗೆ ಬನ್ನಿ, ಆಲಿಮ್‌ಗಳ ಮುಂದೆ ಕೂರಿಸಿ.

ಹದಿನೈದರ ಸಂಪಾದಕ

1903ರಲ್ಲಿ, ಇನ್ನೂ ಗಡ್ಡ ಮೂಡದ ವಯಸ್ಸಿನಲ್ಲಿ, ಅವರು ಕಲ್ಕತ್ತಾದಿಂದ 'ಲಿಸಾನುಸ್ಸಿದ್ಖ್' ಎಂಬ ಮಾಸಿಕ ಆರಂಭಿಸಿದರು. ಸತ್ಯದ ನಾಲಿಗೆ ಎಂದು ಅದರ ಅರ್ಥ. ಸಮಾಜ ಸುಧಾರಣೆ, ಉರ್ದುವಿನ ಬೆಳವಣಿಗೆ, ಪುಸ್ತಕಗಳ ವಿಮರ್ಶೆ ಅದರ ವಿಷಯಗಳು. ಕವಿ ಹಾಲಿಯವರು ಅದನ್ನು ಓದಿ ಮೆಚ್ಚಿದ್ದರು. ಲಾಹೋರಿನಲ್ಲಿ ಸಂಪಾದಕರನ್ನು ಎದುರಿಗೆ ಕಂಡಾಗ, ಈ ಹುಡುಗನೇ ಸಂಪಾದಕ ಎಂದು ನಂಬಲು ಅವರಿಗೆ ಕಷ್ಟವಾಯಿತು. ಅಲ್ಲಾಮಾ ಶಿಬ್ಲಿ ನುಮಾನಿಯವರೂ ಬೊಂಬಾಯಿಯಲ್ಲಿ ಮೊದಲು ಭೇಟಿಯಾದಾಗ, ಇವನು ಅಬುಲ್ ಕಲಾಮರ ಮಗನಿರಬೇಕು ಎಂದುಕೊಂಡರಂತೆ.

ಶಿಬ್ಲಿಯವರು ಆ ಹುಡುಗನನ್ನು ಲಕ್ನೋಗೆ ಕರೆಸಿಕೊಂಡರು. 1905ರಲ್ಲಿ ನದ್ವತುಲ್ ಉಲಮಾದ 'ಅನ್ನದ್ವಾ' ಪತ್ರಿಕೆಯ ಉಪಸಂಪಾದಕರಾಗಿ ಕೆಲವು ತಿಂಗಳು ದುಡಿದರು. ಅಲ್ಲಿಂದ ಅಮೃತಸರದ 'ವಕೀಲ್' ಪತ್ರಿಕೆಗೆ ಹೋದರು. ತಮ್ಮದೇ ಪತ್ರಿಕೆ ನಡೆಸಿದವರು ಇನ್ನೊಬ್ಬರ ಕೈಕೆಳಗೆ ಕೂತು ಕಲಿಯಲು ಹಿಂಜರಿಯಲಿಲ್ಲ. ನಾಲ್ಕು ವಿಡಿಯೋ ಮಾಡಿ ತಾನೇ ಉಸ್ತಾದ್ ಎಂದುಕೊಳ್ಳುವ ನಮ್ಮ ಕಾಲದ ಯುವಕರು ಇದನ್ನು ಗಮನಿಸಬೇಕು.

ಇನ್ನೊಂದು ವಿಷಯವೂ ಇದೆ. ತಂದೆ ತೀರಿಕೊಂಡ ಮೇಲೆ ಅವರ ಗದ್ದಿ ಈ ಮಗನಿಗೆ ಕಾದಿತ್ತು. ಕೂತಲ್ಲಿಗೇ ಗೌರವ, ಕೈಗೆ ಮುತ್ತು, ಮನೆಗೆ ನಝರಾನಾ. ಅವರು ಅದನ್ನು ಏರಲಿಲ್ಲ. ಮುದ್ರಣಾಲಯದ ಶಾಯಿ ಬಳಿದುಕೊಂಡ ಕೈಯೇ ಸಾಕು ಎಂದು ನಡೆದರು.

ಅಲ್‌ಹಿಲಾಲ್

1912ರ ಜುಲೈ 13. ಕಲ್ಕತ್ತಾದಿಂದ 'ಅಲ್‌ಹಿಲಾಲ್' ವಾರಪತ್ರಿಕೆಯ ಮೊದಲ ಸಂಚಿಕೆ ಬಂತು. ಆಗ ಉರ್ದು ಪತ್ರಿಕೆಗಳೆಂದರೆ ಕಾತಿಬರು ಕೈಯಲ್ಲಿ ಬರೆದು, ಅದನ್ನು ಕಲ್ಲಿನ ಮೇಲೆ ಇಳಿಸಿ ಮುದ್ರಿಸುವ ಕಾಲ. ಆಝಾದರು ಅಚ್ಚುಮೊಳೆಗಳಲ್ಲಿ ಜೋಡಿಸಿ, ಚಿತ್ರಗಳನ್ನು ಹಾಕಿ, ಅರಬ್ ಮತ್ತು ತುರ್ಕಿ ದೇಶಗಳ ಪತ್ರಿಕೆಗಳ ಮಟ್ಟದಲ್ಲಿ ಪತ್ರಿಕೆ ತಂದರು. ಸಮುದಾಯದ ಪತ್ರಿಕೆ ತಾನೇ, ಹೇಗಿದ್ದರೂ ನಡೆಯುತ್ತದೆ ಎಂಬ ಉಡಾಫೆ ಅವರಲ್ಲಿರಲಿಲ್ಲ.

ಹೊಸದಾಗಿ ಚಂದಾದಾರರಾದವರೆಲ್ಲ ಹಿಂದಿನ ಸಂಚಿಕೆಗಳೂ ಬೇಕು ಎಂದು ಕೇಳಿದ್ದರಿಂದ, ಮೊದಲ ಮೂರು ತಿಂಗಳ ಸಂಚಿಕೆಗಳನ್ನು ಮತ್ತೆ ಮುದ್ರಿಸಬೇಕಾಯಿತು. ಎರಡು ವರ್ಷದೊಳಗೆ ವಾರಕ್ಕೆ 26,000 ಪ್ರತಿಗಳು ಹೋಗುತ್ತಿದ್ದವು ಎಂದು ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿದ್ದಾರೆ. ಉರ್ದುವಿನಲ್ಲಿ ಅದುವರೆಗೆ ಯಾರೂ ಕೇಳದ ಸಂಖ್ಯೆ ಅದು.

ಅದರಲ್ಲಿ ಏನಿತ್ತು? ಪ್ರಪಂಚದ ಸುದ್ದಿ ಇತ್ತು, ತುರ್ಕಿಯ ಯುದ್ಧದ ಸುದ್ದಿ ಇತ್ತು, ಬ್ರಿಟಿಷರ ಆಡಳಿತದ ಮೇಲೆ ನೇರ ಟೀಕೆ ಇತ್ತು. ಎಲ್ಲಕ್ಕೂ ಮೇಲೆ, ಪ್ರತಿ ವಿಷಯದಲ್ಲೂ ಕುರ್‌ಆನ್ ಏನು ಹೇಳುತ್ತದೆ ಎಂಬ ಹುಡುಕಾಟ ಇತ್ತು. ಮುಸ್ಲಿಮರು ಭಯದಿಂದ ಆಳುವವರ ನೆರಳಿನಲ್ಲಿ ನಿಲ್ಲಬಾರದು, ದೇಶದ ಸ್ವಾತಂತ್ರ್ಯಕ್ಕಾಗಿ ಇತರ ದೇಶಬಾಂಧವರೊಡನೆ ಹೆಗಲು ಕೊಡುವುದು ದೀನಿನ ಬೇಡಿಕೆಯೇ ಎಂದು ಅವರು ವಾದಿಸಿದರು. ಕುರ್‌ಆನ್ ತಾಖ್‌ನಲ್ಲಿ ಬಟ್ಟೆ ಸುತ್ತಿಡುವ ಗ್ರಂಥವಲ್ಲ, ಬೀದಿಯಲ್ಲಿ, ಕೋರ್ಟಿನಲ್ಲಿ, ಜೈಲಿನಲ್ಲಿ ಜೊತೆಗೆ ನಡೆಯುವ ಮಾರ್ಗದರ್ಶಿ ಎಂದು ಒಂದು ಪೀಳಿಗೆಗೆ ಅಲ್‌ಹಿಲಾಲ್ ಕಲಿಸಿತು.

ಸರಕಾರ ಸುಮ್ಮನಿರಲಿಲ್ಲ. 1910ರ ಪತ್ರಿಕಾ ಕಾಯಿದೆಯ ಪ್ರಕಾರ ಮುದ್ರಣಾಲಯದಿಂದ ಠೇವಣಿ ಕೇಳಬಹುದಿತ್ತು. ಬರೆದದ್ದು ಸರಕಾರಕ್ಕೆ ಹಿಡಿಸದಿದ್ದರೆ ಠೇವಣಿ ಮುಟ್ಟುಗೋಲು. ಮತ್ತೆ ನಡೆಸಬೇಕಾದರೆ ಇನ್ನೂ ದೊಡ್ಡ ಠೇವಣಿ. 1913ರಲ್ಲಿ ಕಾನ್ಪುರದಲ್ಲಿ ರಸ್ತೆಗಾಗಿ ಒಂದು ಮಸೀದಿಯ ಭಾಗವನ್ನು ಕೆಡವಿದರು, ಪ್ರತಿಭಟಿಸಿದ ಜನರ ಮೇಲೆ ಗುಂಡು ಹಾರಿಸಿದರು. ಅಲ್‌ಹಿಲಾಲ್ ಅದರ ಬಗ್ಗೆ ಬರೆಯಿತು. 2,000 ರೂಪಾಯಿ ಠೇವಣಿ ಕೇಳಿದರು, ಅದು ಹೋಯಿತು. 10,000 ಕೇಳಿದರು, ಅದೂ ಹೋಯಿತು. ಆ ಕಾಲದ ಹತ್ತು ಸಾವಿರ ಎಂದರೆ ಎಷ್ಟು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಕೊನೆಗೆ ಪತ್ರಿಕೆ ನಿಂತಿತು. 1915ರಲ್ಲಿ ಅವರು 'ಅಲ್‌ಬಲಾಗ್' ಎಂಬ ಹೊಸ ಹೆಸರಿನಲ್ಲಿ ಹೊಸ ಪತ್ರಿಕೆ ತಂದರು. ಹೆಸರು ಬದಲಾಯಿತು, ಮಾತು ಬದಲಾಗಲಿಲ್ಲ.

ಈಗ ನಮ್ಮ ಕೈಯನ್ನು ನೋಡಿಕೊಳ್ಳೋಣ. ಆಗ ಒಂದು ಸುದ್ದಿಯನ್ನು 26,000 ಮನೆಗೆ ತಲುಪಿಸಲು ಮುದ್ರಣಾಲಯ ಬೇಕಿತ್ತು, ಠೇವಣಿ ಬೇಕಿತ್ತು, ಜೈಲಿಗೆ ಹೋಗುವ ಧೈರ್ಯ ಬೇಕಿತ್ತು. ಇವತ್ತು ಅದೇ ಕೆಲಸಕ್ಕೆ ಒಂದು ಹೆಬ್ಬೆರಳು ಸಾಕು. ಅಂದರೆ ನಾವೆಲ್ಲರೂ ಸಂಪಾದಕರಾಗಿದ್ದೇವೆ, ಆದರೆ ಸಂಪಾದಕನ ಹೊಣೆ ಯಾರೂ ಹೊತ್ತಿಲ್ಲ. ಸುದ್ದಿ ಬಂದರೆ ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ನಂತರ ಪಶ್ಚಾತ್ತಾಪ ಪಡುವಿರಿ ಎಂಬ ಆದೇಶ ಸೂರಃ ಹುಜುರಾತ್‌ನಲ್ಲಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಯಾವುದೋ ಊರಿನ ಗಲಾಟೆಯ ಹಳೆ ವಿಡಿಯೋವನ್ನು ನಮ್ಮ ಊರಿನದ್ದೆಂದು ಕಳಿಸುವವನು ಸಮುದಾಯದ ಸೇವೆ ಮಾಡುತ್ತಿಲ್ಲ. ಒಬ್ಬರ ಮಗಳ ಬಗ್ಗೆ ಗಾಳಿಮಾತನ್ನು ಗ್ರೂಪಿನಲ್ಲಿ ಹಾಕುವವನು ಒಂದು ಮನೆಯನ್ನು ಸುಡುತ್ತಿದ್ದಾನೆ. ಅಳಿಸಿದರೂ ಅದು ಮಲಕ್‌ಗಳ ಪುಸ್ತಕದಿಂದ ಅಳಿಯುವುದಿಲ್ಲ. ತೌಬಾ ಮಾಡಿ, ಯಾರಿಗೆ ಹಾನಿಯಾಗಿದೆಯೋ ಅವರ ಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕು.

ರಾಂಚಿಯ ದಿನಗಳು

1916ರಲ್ಲಿ ಸರಕಾರ ಆಝಾದರನ್ನು ಬಂಗಾಳದಿಂದ ಹೊರಹಾಕಿತು. ಪಂಜಾಬ್, ದಿಲ್ಲಿ, ಸಂಯುಕ್ತ ಪ್ರಾಂತ್ಯ, ಬೊಂಬಾಯಿಗಳು ಮೊದಲೇ ಬಾಗಿಲು ಮುಚ್ಚಿದ್ದವು. ಉಳಿದದ್ದು ಬಿಹಾರ. ಅವರು ರಾಂಚಿಗೆ ಹೋದರು. ಕೆಲವು ತಿಂಗಳ ಬಳಿಕ ಅಲ್ಲೇ ಬಂಧನದಲ್ಲಿಟ್ಟರು. 1919ರ ಡಿಸೆಂಬರ್ ಕೊನೆಯವರೆಗೆ ಆ ಬಂಧನ ಮುಂದುವರಿಯಿತು.

ಪತ್ರಿಕೆ ಇಲ್ಲ, ಮುದ್ರಣಾಲಯ ಇಲ್ಲ, ಸ್ನೇಹಿತರು ಇಲ್ಲ. ಏನು ಮಾಡಿದರು? ಮಸೀದಿಗೆ ಹೋದರು. ರಾಂಚಿಯ ಜಾಮಿಯಾ ಮಸೀದಿಯಲ್ಲಿ ಜುಮಾ ಖುತ್ಬಾ ಕೊಟ್ಟರು. ಅವರ ಮಾತು ಕೇಳಲು ಮುಸ್ಲಿಮೇತರರೂ ಬರುತ್ತಿದ್ದರು. ಬಡ ಮಕ್ಕಳಿಗಾಗಿ ಅಲ್ಲೇ ಒಂದು ಮದ್ರಸಾ ಕಟ್ಟಿಸಿದರು. ತಮ್ಮ ಮನೆತನದ ಮತ್ತು ಸತ್ಯಕ್ಕಾಗಿ ಕಷ್ಟಪಟ್ಟ ಹಿಂದಿನ ಆಲಿಮ್‌ಗಳ ಚರಿತ್ರೆಯಾದ 'ತಝ್ಕಿರಾ' ಬರೆದರು. 1919ರಲ್ಲಿ ಸ್ವಾಮಿ ಶ್ರದ್ಧಾನಂದರು ದಿಲ್ಲಿಯ ಜಾಮಾ ಮಸೀದಿಯಲ್ಲಿ ಭಾಷಣ ಮಾಡಿದಾಗ, ಮುಸ್ಲಿಮೇತರರು ಮಸೀದಿಯೊಳಗೆ ಬರಬಹುದೇ ಎಂಬ ಚರ್ಚೆ ಎದ್ದಿತು. ಆಝಾದರು ಪ್ರವಾದಿ(ಸ)ರ ಕಾಲದ ಪುರಾವೆಗಳನ್ನು ಮುಂದಿಟ್ಟು, ಬರಬಹುದು ಎಂದು ಒಂದು ಕಿರುಗ್ರಂಥವನ್ನೇ ಬರೆದರು. ನಮ್ಮ ಮಸೀದಿಗಳಲ್ಲಿ ಇಂದು ನೆರೆಹೊರೆಯವರನ್ನು ಕರೆದು ಮಸೀದಿ ತೋರಿಸುವ ಕಾರ್ಯಕ್ರಮ ನಡೆಸುವಾಗ, ನೂರು ವರ್ಷದ ಹಿಂದೆ ಬಂಧನದಲ್ಲಿದ್ದ ಒಬ್ಬ ಆಲಿಮ್ ಇದಕ್ಕೆ ದಾರಿ ತೋರಿಸಿದ್ದರು ಎಂದು ನೆನೆಯಬೇಕು.

ಇದೇ ರಾಂಚಿಯಲ್ಲಿ ಒಂದು ಘಟನೆ ನಡೆಯಿತು. ಅದನ್ನು ಮೌಲಾನಾರೇ ತಮ್ಮ ಕುರ್‌ಆನ್ ವ್ಯಾಖ್ಯಾನದ ಅರ್ಪಣೆಯಲ್ಲಿ ಬರೆದಿದ್ದಾರೆ. ಚಳಿಗಾಲದ ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಟಾಗ ಯಾರೋ ಹಿಂಬಾಲಿಸಿದ ಹಾಗಾಯಿತು. ತಿರುಗಿ ನೋಡಿದರೆ ಕಂಬಳಿ ಹೊದ್ದ ಒಬ್ಬ ವ್ಯಕ್ತಿ. ಗಡಿಯಾಚೆಯ ಕಂದಹಾರ್ ಕಡೆಯವನು. ಕೈಯಲ್ಲಿ ಹಣವಿಲ್ಲ. ದಾರಿಯ ಬಹುಭಾಗ ನಡೆದೇ ಬಂದಿದ್ದಾನೆ, ನಡುವೆ ವ್ಯಾಪಾರಿಗಳ ಆಳಾಗಿ ಕೆಲಸ ಮಾಡಿದ್ದಾನೆ. ಯಾಕೆ ಬಂದೆ ಎಂದು ಕೇಳಿದರೆ, ಕುರ್‌ಆನಿನ ಕೆಲವು ಭಾಗಗಳು ಅರ್ಥವಾಗಲಿಲ್ಲ, ನಿಮ್ಮಿಂದ ಕಲಿಯಲು ಬಂದೆ, ಅಲ್‌ಹಿಲಾಲ್ ಮತ್ತು ಅಲ್‌ಬಲಾಗನ್ನು ಪೂರ್ತಿ ಓದಿದ್ದೇನೆ ಎಂದನು.

ಕೆಲವು ದಿನ ಇದ್ದು ಕಲಿತನು. ಒಂದು ದಿನ ಹೇಳದೆ ಕೇಳದೆ ಹೊರಟುಹೋದನು. ಹೇಳಿ ಹೊರಟರೆ ಮೌಲಾನಾ ದಾರಿ ಖರ್ಚಿಗೆ ಹಣ ಕೊಟ್ಟಾರು, ಆ ಭಾರ ಅವರ ಮೇಲೆ ಬೀಳಬಾರದು ಎಂದು ಹಾಗೆ ಹೋಗಿರಬೇಕು. ವರ್ಷಗಳ ನಂತರ ವ್ಯಾಖ್ಯಾನ ಪ್ರಕಟವಾಗುವಾಗ ಮೌಲಾನಾರಿಗೆ ಅವನ ಹೆಸರು ನೆನಪಿರಲಿಲ್ಲ, ಅವನು ಬದುಕಿದ್ದಾನೋ ಇಲ್ಲವೋ ಗೊತ್ತಿರಲಿಲ್ಲ. ನವಾಬರಿದ್ದರು, ನಾಯಕರಿದ್ದರು, ಶ್ರೀಮಂತರಿದ್ದರು. ಆದರೆ ತಮ್ಮ ಜೀವಮಾನದ ಕೆಲಸವನ್ನು ಹೆಸರು ಮರೆತ ಆ ಕಂಬಳಿಯ ಮನುಷ್ಯನಿಗೆ ಅರ್ಪಿಸಿದರು.

ಸಹೋದರರೇ, ಆತನು ಕುರ್‌ಆನಿನ ಅರ್ಥ ತಿಳಿಯಲು ಕಂದಹಾರಿನಿಂದ ರಾಂಚಿಗೆ ಬಂದನು. ನಮ್ಮಲ್ಲಿ ಎಷ್ಟು ಜನರಿಗೆ ಕಪಾಟಿನವರೆಗಿನ ನಾಲ್ಕು ಹೆಜ್ಜೆ ದೂರವಾಗಿದೆ!

ಕೈತಪ್ಪಿದ ಹಾಳೆಗಳು

ಆ ವ್ಯಾಖ್ಯಾನದ ಹೆಸರು 'ತರ್ಜುಮಾನುಲ್ ಕುರ್‌ಆನ್'. ಅದು ಹುಟ್ಟಿದ ಬಗೆಯೇ ಸಬ್ರ್‌ನ ಒಂದು ಪಾಠ. ಅಲ್‌ಬಲಾಗ್‌ನ ಕಾಲದಲ್ಲೇ ಅವರು ಕುರ್‌ಆನಿನ ಉರ್ದು ಅನುವಾದ ಮತ್ತು ವ್ಯಾಖ್ಯಾನವನ್ನು ಪ್ರಕಟಿಸುವುದಾಗಿ ಘೋಷಿಸಿ ಕೆಲಸ ಶುರುಮಾಡಿದ್ದರು. ರಾಂಚಿಯಲ್ಲಿ ಪೊಲೀಸರು ತಪಾಸಣೆ ನಡೆಸಿ ಕಾಗದಗಳನ್ನೆಲ್ಲ ಹೊತ್ತೊಯ್ದರು. ಹಸ್ತಪ್ರತಿ ಮರಳಿ ಕೊಡಿ ಎಂದರೆ ಕೊಡಲಿಲ್ಲ. ಮೌಲಾನಾ ಹೋದ ಭಾಗವನ್ನು ಮತ್ತೆ ಬರೆದರು. 1921ರ ಕೊನೆಗೆ ಮತ್ತೆ ಬಂಧನ, ಮತ್ತೆ ತಪಾಸಣೆ. ಬಿಡುಗಡೆಯಾದ ಮೇಲೆ ಕಾಗದಗಳು ಮರಳಿ ಸಿಕ್ಕಿದವು. ಆದರೆ ಅವು ಗ್ರಂಥವಾಗಿ ಉಳಿದಿರಲಿಲ್ಲ, ಹರಿದ, ಚದುರಿದ ಹಾಳೆಗಳ ರಾಶಿಯಾಗಿದ್ದವು.

ಬರೆಯುವವರಿಗೆ ಗೊತ್ತು ಈ ನೋವು. ಹೊಲಿಗೆ ಮಾಡುವ ತಾಯಿ ಒಂದು ತಿಂಗಳು ಕೂತು ಹೊಲಿದ ಮದುವೆಯ ಜೋಡಿಯನ್ನು ಯಾರೋ ಕತ್ತರಿಸಿ ಕೈಗೆ ಕೊಟ್ಟರೆ ಹೇಗೆ? ಮೌಲಾನಾರ ಮನಸ್ಸೂ ಮುರಿಯಿತು. ಕೆಲವು ವರ್ಷ ಆ ಕೆಲಸಕ್ಕೆ ಕೈಹಾಕಲು ಮನಸ್ಸಾಗಲಿಲ್ಲ. 1927ರಲ್ಲಿ ಮತ್ತೆ ಲೇಖನಿ ಹಿಡಿದರು. 1930ರಲ್ಲಿ ಮೀರತ್ ಜೈಲಿನಲ್ಲಿ ಮುಗಿಸಿದರು. 1931ರಲ್ಲಿ ಮೊದಲ ಸಂಪುಟ, 1936ರಲ್ಲಿ ಎರಡನೆಯದು ಹೊರಬಂತು. ಸೂರಃ ಮುಅ್ಮಿನೂನ್‌ವರೆಗಿನ ಭಾಗ ಅವರ ಜೀವಿತಕಾಲದಲ್ಲಿ ಪ್ರಕಟವಾಯಿತು. ಉಳಿದದ್ದನ್ನು ಅವರು ಪ್ರಕಟಿಸಲಾಗಲಿಲ್ಲ.

ಅದರ ಹೃದಯ ಇರುವುದು ಸೂರಃ ಫಾತಿಹಾದ ವ್ಯಾಖ್ಯಾನದಲ್ಲಿ. ನಾವು ದಿನಕ್ಕೆ ಹದಿನೇಳು ಫರ್ಝ್ ರಕಅತ್‌ಗಳಲ್ಲಿ ಆ ಸೂರಃ ನಮ್ಮ ಜೊತೆಗಿರುತ್ತದೆ. ಅಲ್ಲಾಹನ ಪರಿಚಯವನ್ನು ಆಝಾದರು ಅಲ್ಲಿಂದ ಮೂರು ಗುಣಗಳಲ್ಲಿ ಬಿಡಿಸುತ್ತಾರೆ: ರುಬೂಬಿಯ್ಯತ್, ರಹ್ಮತ್, ಅದಾಲತ್. ರಬ್ ಎಂದರೆ ಬರೀ ಒಡೆಯನಲ್ಲ, ಹಂತಹಂತವಾಗಿ, ಆಯಾ ಹೊತ್ತಿಗೆ ತಕ್ಕಂತೆ ಪೋಷಿಸಿ ಬೆಳೆಸುವವನು. ಇದಕ್ಕೆ ಅವರು ತಾಯಿ ಹಾಲಿನ ಉದಾಹರಣೆ ಕೊಡುತ್ತಾರೆ. ಹುಟ್ಟಿದ ಮಗುವಿನ ಹೊಟ್ಟೆಗೆ ತಕ್ಕ ಹಾಗೆ ಮೊದಲು ಹಗುರ, ಮಗು ಬೆಳೆದಂತೆ ಹಾಲಿನ ಗುಣವೂ ಬದಲಾಗುತ್ತದೆ. ಕೇಳುವ ನಾಲಿಗೆಯಿಲ್ಲದ ಮಗುವಿಗೆ ಈ ಏರ್ಪಾಡು ಮಾಡಿದವನು, ಆತ್ಮಕ್ಕೆ ಬೇಕಾದ ಆಹಾರವನ್ನು ಕೊಡದೆ ಬಿಟ್ಟಾನೆಯೇ? ಆ ಆಹಾರವೇ ಹಿದಾಯತ್, ಅದೇ ವಹೀ. ನಾಳೆಯ ನಮಾಝಿನಲ್ಲಿ 'ರಬ್ಬಿಲ್ ಆಲಮೀನ್' ಎನ್ನುವಾಗ ಇದನ್ನು ಒಮ್ಮೆ ನೆನೆದು ನೋಡಿ. ಇನ್ನೂ ಒಂದು ಮಾತು ಅವರು ಗಮನಿಸುತ್ತಾರೆ: ಅಲ್ಲಾಹನು ಇಲ್ಲಿ ಒಂದು ಕುಲದ, ಒಂದು ದೇಶದ ರಬ್ ಎಂದು ಪರಿಚಯಿಸಿಕೊಂಡಿಲ್ಲ, ಸರ್ವಲೋಕಗಳ ರಬ್ ಎಂದಿದ್ದಾನೆ.

ಎಲ್ಲ ಪ್ರವಾದಿಗಳು ತಂದ ದೀನಿನ ಮೂಲ ಒಂದೇ, ಬದಲಾದದ್ದು ಶರೀಅತ್‌ನ ಕಟ್ಟಳೆಗಳು ಎಂಬುದನ್ನು ಅವರು ಬಹಳ ಒತ್ತಿ ಬರೆದರು. ಆ ಒತ್ತು ಕೆಲವು ಆಲಿಮ್‌ಗಳಿಗೆ ಅತಿಯಾಗಿ ಕಂಡಿತು. ಪ್ರವಾದಿ(ಸ)ರ ಮೇಲಿನ ಈಮಾನ್ ಮೋಕ್ಷಕ್ಕೆ ಬೇಡವೆಂದು ಓದುಗರು ತಪ್ಪು ತಿಳಿಯಬಹುದು ಎಂದು ಆಕ್ಷೇಪಿಸಿದರು. ಅದು ತನ್ನ ಅರ್ಥವಲ್ಲ ಎಂದು ಆಝಾದರು ಪತ್ರಗಳಲ್ಲಿ ಸ್ಪಷ್ಟಪಡಿಸಿದರು. ಎರಡು ಕಡೆಯವರೂ ಆಲಿಮ್‌ಗಳು, ಎರಡು ಕಡೆಯವರೂ ಕಿತಾಬ್ ತೆರೆದು ಮಾತಾಡಿದರು. ಸಣ್ಣ ಮಸಲಾಕ್ಕೆ ಮಸೀದಿಯನ್ನೇ ಎರಡು ಮಾಡುವ ನಮಗೆ, ಭಿನ್ನಾಭಿಪ್ರಾಯದ ಅದಬ್ ಹೇಗಿರಬೇಕು ಎಂಬುದಕ್ಕೆ ಇದೂ ಒಂದು ಪಾಠ.

ತನ್ನವರ ನಡುವೆ ಒಂಟಿ

1922ರಲ್ಲಿ ಕಲ್ಕತ್ತಾದ ನ್ಯಾಯಾಲಯದಲ್ಲಿ ರಾಜದ್ರೋಹದ ಆರೋಪ ಎದುರಿಸಿದಾಗ ಅವರು ತಪ್ಪಿಸಿಕೊಳ್ಳಲು ನೋಡಲಿಲ್ಲ. ಅನ್ಯಾಯದ ಆಡಳಿತವನ್ನು ಅನ್ಯಾಯ ಎನ್ನುವುದು ಅಪರಾಧವಾದರೆ ನಾನು ಆ ಅಪರಾಧ ಮಾಡಿದ್ದೇನೆ ಎಂಬ ಅರ್ಥದ ದೀರ್ಘ ಹೇಳಿಕೆ ಕೊಟ್ಟರು. ಅದು 'ಖೌಲೆ ಫೈಸಲ್' ಎಂಬ ಹೆಸರಿನಲ್ಲಿ ಪುಸ್ತಕವಾಯಿತು. ಒಂದು ವರ್ಷ ಜೈಲಾಯಿತು. 1923ರಲ್ಲಿ ದಿಲ್ಲಿಯ ವಿಶೇಷ ಅಧಿವೇಶನದಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು, 1940ರಿಂದ 1946ರವರೆಗೆ ಮತ್ತೆ ಅಧ್ಯಕ್ಷರಾಗಿದ್ದರು.

ದೇಶ ವಿಭಜನೆ ಮುಸ್ಲಿಮರಿಗೇ ಹಾನಿ ಎಂದು ಅವರು ನಂಬಿದ್ದರು, ಹೇಳಿದರು. ಆ ದಿನಗಳಲ್ಲಿ ಸ್ವಂತ ಸಮುದಾಯದ ದೊಡ್ಡ ಭಾಗ ಅವರ ಮಾತಿಗೆ ಕಿವಿಗೊಡಲಿಲ್ಲ. ಕಾಂಗ್ರೆಸ್ಸಿನ ತೋರಿಕೆಯ ಗೊಂಬೆ ಎಂದು ಹೀಯಾಳಿಸಿದವರೂ ಇದ್ದರು. ಅಲ್‌ಹಿಲಾಲ್ ಓದಿ ಬೆಳೆದವರೇ ಬೆನ್ನು ತೋರಿಸಿದರು. ಹೀಗಿದ್ದೂ 1947ರ ಅಕ್ಟೋಬರಿನಲ್ಲಿ, ದಿಲ್ಲಿ ಹೊತ್ತಿ ಉರಿದು ಜನ ಗಂಟುಮೂಟೆ ಕಟ್ಟುತ್ತಿದ್ದಾಗ, ಜಾಮಾ ಮಸೀದಿಯಲ್ಲಿ ಆ ಜನರ ಮುಂದೆಯೇ ನಿಂತು, ಹೋಗಬೇಡಿ, ಇದು ನಿಮ್ಮ ನೆಲ, ಭಯ ಬಿಡಿ ಎಂದು ಧೈರ್ಯ ತುಂಬಿದರು. ನೋವು ತೋಡಿಕೊಂಡರು, ಆದರೆ ಅವರನ್ನು ಕೈಬಿಡಲಿಲ್ಲ. ಜನ ನಮ್ಮ ಮಾತು ಕೇಳದಿದ್ದಾಗ, 'ಅನುಭವಿಸಲಿ' ಎಂದು ಮುಖ ತಿರುಗಿಸುವುದು ಸುಲಭ. ಅದು ಪ್ರವಾದಿಗಳ ದಾರಿಯಲ್ಲ. ತಾಇಫ್‌ನಲ್ಲಿ ಕಲ್ಲೇಟು ತಿಂದ ನಮ್ಮ ಪ್ರವಾದಿ(ಸ) ಆ ಊರಿನವರ ನಾಶವನ್ನು ಬಯಸಲಿಲ್ಲ.

ಈ ದಾರಿಯ ಬೆಲೆಯನ್ನು ಮನೆಯವರೂ ತೆತ್ತರು. 1942ರ ಆಗಸ್ಟಿನಲ್ಲಿ ಅವರನ್ನು ಅಹ್ಮದ್‌ನಗರ ಕೋಟೆಯಲ್ಲಿ ಬಂಧಿಸಿದಾಗ ಪತ್ನಿ ಝುಲೇಖಾ ಬೇಗಂ ಕಲ್ಕತ್ತಾದಲ್ಲಿ ಕಾಯಿಲೆಯಲ್ಲಿದ್ದರು. ಸ್ಥಿತಿ ಬಿಗಡಾಯಿಸಿದಾಗಲೂ ಆಝಾದರು ಸರಕಾರದ ಮುಂದೆ ಬಿಡುಗಡೆಗೆ ಬೇಡಿಕೆ ಇಡಲಿಲ್ಲ. 1943ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಎರಡು ವರ್ಷದ ನಂತರ ಬಿಡುಗಡೆಯಾಗಿ ಕಲ್ಕತ್ತಾಕ್ಕೆ ಬಂದಾಗ ಜನ ಹಾರಗಳಿಂದ ಮುಚ್ಚಿದರು. ಅವರು ಕಾರನ್ನು ಖಬರಸ್ತಾನಕ್ಕೆ ತಿರುಗಿಸಿ, ಅದೇ ಹಾರಗಳಲ್ಲಿ ಒಂದನ್ನು ಪತ್ನಿಯ ಖಬರಿನ ಮೇಲಿಟ್ಟು, ಸದ್ದಿಲ್ಲದೆ ಫಾತಿಹಾ ಓದಿದರು. ದೊಡ್ಡವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಅವರ ಮನೆಯೊಳಗೆ ಸಹಿಸಿಕೊಂಡು ಕೂತ ಹೆಣ್ಣಿನ ಹೆಸರು ಉಳಿಯುವುದಿಲ್ಲ. ನಮ್ಮ ಮಸೀದಿ, ಮದ್ರಸಾಗಳಿಗಾಗಿ ಓಡಾಡುವ ಸಹೋದರರೇ, ನಿಮ್ಮ ಸೇವೆಯ ಪುಣ್ಯದಲ್ಲಿ ಮನೆಯವರ ಪಾಲೂ ಇದೆ, ಮರೆಯಬೇಡಿ.

ಸ್ವಾತಂತ್ರ್ಯದ ನಂತರ ಕೊನೆಯುಸಿರಿನವರೆಗೆ ಶಿಕ್ಷಣ ಸಚಿವರಾಗಿದ್ದರು. ಅವರ ಕಾಲದಲ್ಲೇ ಖರಗ್‌ಪುರದಲ್ಲಿ 1951ರಲ್ಲಿ ಮೊದಲ ಐಐಟಿ ಶುರುವಾಯಿತು, 1953ರಲ್ಲಿ ಯುಜಿಸಿ, 1954ರಲ್ಲಿ ಸಾಹಿತ್ಯ ಅಕಾಡೆಮಿ ಬಂದವು. ಶಾಲೆಗೆ ಹೋಗದವರು ಒಂದು ದೇಶದ ಶಾಲೆಗಳ ಅಡಿಪಾಯ ಹಾಕಿದರು. 1958ರ ಫೆಬ್ರವರಿ 22ರಂದು ಅಲ್ಲಾಹನ ಕರೆಗೆ ಓಗೊಟ್ಟರು. ದಿಲ್ಲಿಯ ಜಾಮಾ ಮಸೀದಿಯ ಎದುರಿನಲ್ಲೇ ಅವರ ಖಬರ್ ಇದೆ.

ನಾವು ಮಾಡಬೇಕಾದದ್ದು

ಬರೀ ಹೊಗಳಿ ಎದ್ದು ಹೋದರೆ ಇದು ಖುತ್ಬಾ ಆಗುವುದಿಲ್ಲ. ಮೂರು ಕೆಲಸ ಹೇಳುತ್ತೇನೆ.

ಮೊದಲನೆಯದು: ಆಝಾದರು ಅರಬಿಯಲ್ಲಿ ಪಂಡಿತರಾಗಿದ್ದರೂ ವ್ಯಾಖ್ಯಾನ ಬರೆದದ್ದು ಉರ್ದುವಿನಲ್ಲಿ, ಸುತ್ತಲಿನ ಜನರಿಗೆ ಅರ್ಥವಾಗಲಿ ಎಂದು. ನಮ್ಮ ಎಷ್ಟೋ ಮಕ್ಕಳು ಓದುವ, ಚಿಂತಿಸುವ ಭಾಷೆ ಕನ್ನಡ. ಕುರ್‌ಆನಿನ ಕನ್ನಡ ಅನುವಾದಗಳು ಸಿಗುತ್ತವೆ. ಪ್ರತಿ ಮನೆಯಲ್ಲೂ ಒಂದು ಇರಲಿ. ತಿಲಾವತ್ ಅರಬಿಯಲ್ಲಿ ಆಗಲಿ, ಆಮೇಲೆ ಮಗ ಅಥವಾ ಮಗಳು ಅದೇ ಆಯತ್‌ಗಳ ಅರ್ಥವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಅಜ್ಜಿ ಕೇಳಲಿ, ತಾಯಿ ಕೇಳಲಿ.

ಎರಡನೆಯದು: ಒಂದು ವಾರ ಈ ನಿಯಮ ಇಟ್ಟುಕೊಳ್ಳಿ. ಯಾವ ಸುದ್ದಿಯ ಮೂಲ ನಿಮಗೆ ಗೊತ್ತಿಲ್ಲವೋ ಅದನ್ನು ಮುಂದಕ್ಕೆ ಕಳಿಸಬೇಡಿ. ಸಿಟ್ಟು ಬರಿಸುವ ಸುದ್ದಿಯಾದರೆ ಇನ್ನೂ ಹೆಚ್ಚು ಜಾಗ್ರತೆ.

ಮೂರನೆಯದು: ಪತ್ರಿಕೆ, ಪುಸ್ತಕ ಕೊಂಡು ಓದಿ. ಅಲ್‌ಹಿಲಾಲ್ ಒಬ್ಬ ಆಝಾದರಿಂದ ನಡೆಯಲಿಲ್ಲ, 26,000 ಓದುಗರಿಂದ ನಡೆಯಿತು. ಶಾದಿಯ ಒಂದು ಊಟದ ತಟ್ಟೆಗೆ ಆಗುವ ಖರ್ಚಿನಲ್ಲಿ ಒಂದು ಪುಸ್ತಕ ಮನೆಗೆ ಬರುತ್ತದೆ, ಅದು ಮೊಮ್ಮಕ್ಕಳವರೆಗೆ ಉಳಿಯುತ್ತದೆ. ಬರೆಯುವ ಆಸೆ ಇರುವ ಹುಡುಗ ಹುಡುಗಿಯರಿದ್ದರೆ ನಗಬೇಡಿ, ಒಂದು ನೋಟ್‌ಬುಕ್ ಕೊಡಿಸಿ. ಹದಿನೈದರಲ್ಲಿ ಒಬ್ಬರು ಪತ್ರಿಕೆ ನಡೆಸಿದ್ದರು ಎಂದು ಈಗ ನಿಮಗೆ ಗೊತ್ತಿದೆ.

ಮನುಷ್ಯನು ಸತ್ತ ಮೇಲೂ ಮುಂದುವರಿಯುವ ಮೂರು ಸತ್ಕರ್ಮಗಳಲ್ಲಿ ಜನರಿಗೆ ಉಪಯೋಗವಾಗುವ ಜ್ಞಾನವೂ ಒಂದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಠೇವಣಿ ಹೋಯಿತು, ಮುದ್ರಣಾಲಯ ಹೋಯಿತು, ಹಾಳೆಗಳು ಹರಿದವು. ಬರೆದ ಒಳ್ಳೆಯ ಮಾತು ಮಾತ್ರ ಇಂದಿಗೂ ಓದುವವರ ಕೈಯಲ್ಲಿದೆ.

ಯಾ ಅಲ್ಲಾಹ್, ಮೌಲಾನಾ ಅಬುಲ್ ಕಲಾಂ ಆಝಾದರಿಗೂ ದೀನಿನ ಜ್ಞಾನಕ್ಕಾಗಿ ದುಡಿದ ಎಲ್ಲ ಆಲಿಮ್‌ಗಳಿಗೂ ಮಗ್ಫಿರತ್ ನೀಡು, ಅವರ ಲೋಪಗಳನ್ನು ಮನ್ನಿಸು. ನಮ್ಮ ನಾಲಿಗೆಯನ್ನು, ನಮ್ಮ ಬೆರಳುಗಳನ್ನು ಸುಳ್ಳಿನಿಂದ ಕಾಪಾಡು. ನಮ್ಮ ಮಕ್ಕಳ ಪ್ರಶ್ನೆಗಳಿಗೆ ಹಿದಾಯತ್‌ನ ಬೆಳಕನ್ನು ಕೊಡು. ನಮ್ಮ ದೇಶದಲ್ಲಿ ಶಾಂತಿ, ನ್ಯಾಯ, ಪರಸ್ಪರ ಪ್ರೀತಿಯನ್ನು ನೆಲೆಗೊಳಿಸು. ನಿನ್ನ ಕಿತಾಬನ್ನು ನಮ್ಮ ಹೃದಯದ ವಸಂತವನ್ನಾಗಿ ಮಾಡು.

ಆಮೀನ್ ಯಾ ರಬ್ಬಲ್ ಆಲಮೀನ್.